ಕೂಡಿ ಕೇಳಿದ ವಾಕ್ಯ

ದೇವರನ್ನು ಏಕಾಂತದಲ್ಲಿ ಅರಸುವುದು ಮೇಲೋ, ಹತ್ತು ಮಂದಿಯೊಡನೆ ಕೂಡಿ ಅರಸುವುದು ಮೇಲೋ ಎಂಬ ಪ್ರಶ್ನೆ ಇಂದಿನದಲ್ಲ. ಗವಿಯನ್ನು ಹೊಕ್ಕ ತಪಸ್ವಿಗೂ ನಾಡಿನಲ್ಲಿ ಗೌರವವುಂಟು, ಭಜನೆಯ ಗುಂಪಿನಲ್ಲಿ ತಾಳ ಹಿಡಿದ ಭಕ್ತನಿಗೂ ಗೌರವವುಂಟು. ಆದರೆ ಕಲಬುರಗಿ, ಬೀದರ ಸೀಮೆಯ ಮಣ್ಣು ಬಹುಕಾಲದಿಂದ ಕೂಟದ ಕಡೆಗೇ ಒಲಿದಿದೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರು ಒಬ್ಬರ ಅನುಭಾವವನ್ನು ಇನ್ನೊಬ್ಬರ ಅನುಭಾವಕ್ಕೆ ಒರೆಹಚ್ಚಿ ನೋಡಿದರು. 1422ರಲ್ಲಿ ಕಲಬುರಗಿಯಲ್ಲಿ ದೇಹವಿಟ್ಟ ಬಂದೇನವಾಜರ ಸುತ್ತ ಶಿಷ್ಯರು ಕುಳಿತು ಕಿವಿಗೊಟ್ಟರು. ಟೀಕಾಚಾರ್ಯರೆಂದು ಹೆಸರಾದ ಜಯತೀರ್ಥರ ಆರಾಧನೆ ನಡೆಯುವ ಮಳಖೇಡದಲ್ಲಿ ಶಾಸ್ತ್ರವನ್ನು ಗುರುಮುಖದಿಂದ ಕೇಳಿ ತಿಳಿಯುವ ಸಂಪ್ರದಾಯವನ್ನು ಇಂದಿಗೂ ಕಾಣಬಹುದು. ಮಾರ್ಗಗಳು ಬೇರೆ ಬೇರೆ. ಆದರೂ ಒಬ್ಬನ ಕಿವಿಗೆ ಬೀಳದ ಮಾತು ಕೂಟದ ಕಿವಿಗೆ ಬೀಳುತ್ತದೆ ಎಂಬ ನಂಬಿಕೆ ಎಲ್ಲಕ್ಕೂ ಸಮಾನವಾದುದು.

ಇದೇ ಸೀಮೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ಆಸುಪಾಸಿನಲ್ಲಿ ಭಾನುವಾರದ ಬೆಳಿಗ್ಗೆ ಇನ್ನೊಂದು ಕೂಟವು ಹೆಚ್ಚು ಸದ್ದಿಲ್ಲದೆ ನಡೆಯುತ್ತದೆ. ತೊಗರಿ ಬೆಳೆಯುವ ಕಪ್ಪು ನೆಲ, ಸುಣ್ಣಕಲ್ಲಿನ ಗಣಿ, ಸಿಮೆಂಟಿನ ಧೂಳು, ಮುಂಬಯಿ, ಮದರಾಸು, ಸಿಕಂದರಾಬಾದುಗಳ ದಾರಿ ಕೂಡುವ ವಾಡಿ ಜಂಕ್ಷನ್—ಇವುಗಳ ನಡುವೆ ಬಾಳುವ ಚಿಕ್ಕ ಚಿಕ್ಕ ಕ್ರೈಸ್ತ ಸಭೆಗಳ ಆರಾಧನೆಯದು. ನೆಲಕ್ಕೆ ಶಹಾಬಾದಿನ ಫರಸಿ. ಅದರ ಮೇಲೆ ಹಾಸಿದ ಜಮಖಾನೆ. ಬಾಗಿಲಾಚೆ ಸಾಲಾಗಿ ಬಿಟ್ಟ ಚಪ್ಪಲಿಗಳು. ಒಂದು ಹಾರ್ಮೋನಿಯಂ, ಒಂದು ಢೋಲಕ್. ಕನ್ನಡದಲ್ಲಿ ಪ್ರಾರ್ಥನೆ ಆರಂಭವಾಗುತ್ತದೆ. ತೆಲುಗಿನ ಒಂದು ಹಾಡು ನಡುವೆ ಬರುತ್ತದೆ. ಮುಗಿದ ಮೇಲೆ ಅಂಗಳದಲ್ಲಿ ಕುಶಲ ಕೇಳುವಾಗ ದಖನಿಯೂ ಕಿವಿಗೆ ಬೀಳುತ್ತದೆ.

ಈ ಭಾಗದ ಪ್ರಾಟೆಸ್ಟೆಂಟ್ ಸಭೆಗಳಲ್ಲಿ ಬಹುಪಾಲು ಮೆಥೊಡಿಸ್ಟ್ ಪರಂಪರೆಯವು. ಲೂಥರನ ಹೆಸರನ್ನು ಹೊತ್ತ ಸಭೆಯನ್ನು ಹುಡುಕಿದರೆ ಇಲ್ಲಿ ಸುಲಭವಾಗಿ ದೊರೆಯದು. ಆದರೂ ಅವನ ಹಣತೆಯಿಂದ ಹೊತ್ತಿಸಿಕೊಂಡ ದೀಪವೇ ಇಲ್ಲಿಯೂ ಉರಿಯುತ್ತಿದೆ ಎಂಬುದಕ್ಕೆ ಚರಿತ್ರೆಯ ಸಾಕ್ಷಿಯಿದೆ. ಮೆಥೊಡಿಸ್ಟ್ ಪಂಥದ ಮೂಲಪುರುಷನಾದ ಜಾನ್ ವೆಸ್ಲಿಯು ವಿದ್ವಾಂಸ, ದೀಕ್ಷೆ ಪಡೆದ ಪಾದ್ರಿ, ನೇಮನಿಷ್ಠೆಗಳಲ್ಲಿ ಕಟ್ಟುನಿಟ್ಟಿನವನು. ಅಮೆರಿಕದ ಜಾರ್ಜಿಯದಲ್ಲಿ ಧರ್ಮಪ್ರಚಾರಕ್ಕೆ ಹೋಗಿ ಸೋತು, ತನ್ನ ನಂಬಿಕೆಯಲ್ಲಿ ತಾನೇ ಸಂದೇಹಪಡುತ್ತ ಇಂಗ್ಲೆಂಡಿಗೆ ಹಿಂತಿರುಗಿದ್ದನು. 1738ರ ಮೇ 24ರ ಸಂಜೆ ಲಂಡನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಪುಟ್ಟ ಕೂಟಕ್ಕೆ ಮನಸ್ಸಿಲ್ಲದ ಮನಸ್ಸಿನಿಂದ ಹೋದನು. ಅಲ್ಲಿ ಯಾರೋ ಒಬ್ಬರು, ರೋಮಾಪುರದವರಿಗೆ ಬರೆದ ಪತ್ರಿಕೆಗೆ ಲೂಥರನು 1522ರಲ್ಲಿ ಬರೆದ ಮುನ್ನುಡಿಯನ್ನು ಓದುತ್ತಿದ್ದರು. ಕೇಳುತ್ತಿದ್ದಂತೆ ವೆಸ್ಲಿಯ ಎದೆಯಲ್ಲಿ ವಿಚಿತ್ರವಾದೊಂದು ಬೆಚ್ಚನೆಯ ಭಾವ ಮೂಡಿತು. ದೇವರ ಕ್ಷಮೆ ತನಗೂ ಸಲ್ಲುವುದೆಂಬ ಭರವಸೆ ಹುಟ್ಟಿತು.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ವೆಸ್ಲಿಯು ಗ್ರೀಕ್ ಭಾಷೆಯಲ್ಲಿಯೇ ಸತ್ಯವೇದವನ್ನು ಓದಬಲ್ಲವನು. ಆ ಪತ್ರಿಕೆಯನ್ನು ತನ್ನ ಕೋಣೆಯಲ್ಲಿ ಎಷ್ಟು ಸಲ ಓದಿದ್ದನೋ! ಒಂಟಿಯಾಗಿ ಓದಿದಾಗ ತೆರೆಯದ ಬಾಗಿಲು, ಇನ್ನೊಬ್ಬರ ಬಾಯಿಂದ ಕೇಳಿದಾಗ ತೆರೆಯಿತು. ಸಭೆಯ ಮಹಿಮೆಯನ್ನು ವಿವರಿಸಲು ಇದಕ್ಕಿಂತ ದೊಡ್ಡ ವ್ಯಾಖ್ಯಾನ ಬೇಕಾಗಿಲ್ಲ.

ಲೂಥರನ್ ಆರಾಧನೆಯ ಕ್ರಮವನ್ನು ನೋಡಿದರೆ ಈ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. ಮೊದಲು ಪಾಪನಿವೇದನೆ, ಬಳಿಕ ಕ್ಷಮೆಯ ಘೋಷಣೆ. ಅನಂತರ ಸ್ತುತಿ, ವೇದಪಾಠಗಳು, ವಿಶ್ವಾಸಪ್ರಮಾಣ, ಪ್ರಸಂಗ, ಕರ್ತನ ಭೋಜನ, ಆಶೀರ್ವಾದ. ಕ್ಷಮೆಯ ಮಾತನ್ನು ಯಾರೂ ತನಗೆ ತಾನೇ ಹೇಳಿಕೊಳ್ಳುವುದಿಲ್ಲ. ಅದು ಹೊರಗಿನಿಂದ, ಇನ್ನೊಬ್ಬನ ದನಿಯಾಗಿ ಬರಬೇಕು. ಮನಸ್ಸು ತನ್ನೊಡನೆ ತಾನೇ ವಾದಿಸುತ್ತ ಕುಳಿತರೆ ಒಮ್ಮೆ ಆರೋಪಿ, ಒಮ್ಮೆ ವಕೀಲ, ಒಮ್ಮೆ ನ್ಯಾಯಾಧೀಶ—ಎಲ್ಲವೂ ತಾನೇ ಆಗುತ್ತದೆ. ಅಂಥ ಮೊಕದ್ದಮೆಗೆ ಕೊನೆಯೆಂಬುದಿಲ್ಲ. ಎದುರಿಗೆ ನಿಂತವನು ‘ನಿನ್ನ ಪಾಪಗಳು ಪರಿಹಾರವಾಗಿವೆ’ ಎಂದಾಗ ಮಾತ್ರ ಆ ವ್ಯಾಜ್ಯ ಮುಗಿಯುತ್ತದೆ. ಲೂಥರನು ಸಂನ್ಯಾಸಿಯಾಗಿ ಮಠದಲ್ಲಿದ್ದಾಗ ವರ್ಷಗಟ್ಟಲೆ ಅನುಭವಿಸಿದ್ದು ಈ ಕೊನೆಯಿಲ್ಲದ ಮೊಕದ್ದಮೆಯನ್ನೇ.

ಶಹಾಬಾದಿನ ಗಣಿಯಲ್ಲಿ ಕಲ್ಲು ಸೀಳುವ ಒಬ್ಬ ಗೃಹಸ್ಥನನ್ನು ಭಾವಿಸಿಕೊಳ್ಳಬಹುದು. ಬೆಳೆದು ನಿಂತ ಮಗನನ್ನು ಮಣ್ಣಿಗಿಟ್ಟು ತಿಂಗಳಾಗಿಲ್ಲ. ಮನೆಯಲ್ಲಿ ಪ್ರಾರ್ಥಿಸಲು ಕುಳಿತರೆ ಬಾಯಿ ಬಾರದು. ಹೆಂಡತಿ ಕೈಹಿಡಿದು ಕರೆತಂದುದರಿಂದ ಸಭೆಗೆ ಬಂದಿದ್ದಾನೆ. ಎಲ್ಲರೂ ಎದ್ದು ಕರ್ತನ ಪ್ರಾರ್ಥನೆಯನ್ನು ಹೇಳತೊಡಗುತ್ತಾರೆ. ದೇವರ ಚಿತ್ತ ನೆರವೇರಲೆಂದು ಬೇಡುವ ಕಡೆಗೆ ಬಂದಾಗ ಅವನ ತುಟಿಗಳು ಬಿಗಿದುಕೊಳ್ಳುತ್ತವೆ. ಆದರೆ ಆ ಸಾಲು ಅಲ್ಲಿಗೆ ನಿಲ್ಲುವುದಿಲ್ಲ. ಬಲಗಡೆಯ ಮುದುಕನು ಅದನ್ನು ಹೇಳುತ್ತಾನೆ. ಎದುರಿನ ಹುಡುಗಿ ಹೇಳುತ್ತಾಳೆ. ಹೆಂಡತಿ ಅಳುತ್ತಲೇ ಹೇಳುತ್ತಾಳೆ. ಅವನ ಪಾಲಿನ ಪ್ರಾರ್ಥನೆಯನ್ನು ಆ ದಿನ ಉಳಿದವರು ಹೊತ್ತುಕೊಂಡಿದ್ದಾರೆ. ಹೆಣ ಹೊರಲು ನಾಲ್ಕು ಹೆಗಲು ಬೇಕಾದಂತೆ ದುಃಖ ಹೊರಲೂ ಹೆಗಲು ಬೇಕು. ಎಷ್ಟೋ ವಾರಗಳ ಮೇಲೆ ಒಂದು ದಿನ, ತನಗೇ ಅರಿವಿಲ್ಲದಂತೆ, ಆ ಸಾಲು ಅವನ ಬಾಯಿಂದಲೂ ಹೊರಡಬಹುದು. ಅಂದು ಅದು ಬಾಯಿಪಾಠದ ಸಾಲಾಗಿ ಉಳಿದಿರುವುದಿಲ್ಲ.

ಆರಾಧನೆಯಲ್ಲಿ ಕೇಳಿದ್ದು ಬೇರೂರಬೇಕಾದರೆ ವೇದಾಧ್ಯಯನ ಬೇಕು. ಇದಕ್ಕೆ ಲೂಥರನು ಹೇಳಿಕೊಟ್ಟ ಒಂದು ಉಪಾಯವು ಸ್ವಾರಸ್ಯವಾದುದು. ವಿಟ್ಟೆನ್‌ಬರ್ಗಿನಲ್ಲಿ ಅವನಿಗೆ ಕ್ಷೌರ ಮಾಡುತ್ತಿದ್ದ ಪೀಟರ್ ಎಂಬವನು, ಪ್ರಾರ್ಥನೆ ಮಾಡುವುದು ಹೇಗೆಂದು ಕೇಳಿದನು. ಅದಕ್ಕೆ ಉತ್ತರವಾಗಿ ಆ ಮಹಾಪಂಡಿತನು 1535ರಲ್ಲಿ ಒಂದು ಪುಸ್ತಿಕೆಯನ್ನೇ ಬರೆದನು. ದೇವರ ಒಂದೊಂದು ಆಜ್ಞೆಯನ್ನೂ ತೆಗೆದುಕೊಂಡು ನಾಲ್ಕು ಎಳೆಯ ಮಾಲೆಯಾಗಿ ಹೆಣೆಯಬೇಕು. ಮೊದಲನೆಯ ಎಳೆ, ಈ ಮಾತು ಏನನ್ನು ಕಲಿಸುತ್ತದೆ ಎಂಬುದು. ಎರಡನೆಯದು, ಇದಕ್ಕಾಗಿ ಯಾವ ಉಪಕಾರವನ್ನು ಸ್ಮರಿಸಬೇಕು. ಮೂರನೆಯದು, ಇದರೆದುರು ಯಾವ ತಪ್ಪನ್ನು ಒಪ್ಪಿಕೊಳ್ಳಬೇಕು. ನಾಲ್ಕನೆಯದು, ಇದರಿಂದ ಏನನ್ನು ಬೇಡಬೇಕು. ಕ್ಷೌರಿಕನು ಕತ್ತಿ ಹಿಡಿದಾಗ ಗಮನವನ್ನೆಲ್ಲ ಕತ್ತಿಯ ಮೇಲೂ ಕೂದಲಿನ ಮೇಲೂ ಇಡುವಂತೆ, ಪ್ರಾರ್ಥಿಸುವವನೂ ಮನಸ್ಸನ್ನು ಅಲೆಯಗೊಡಬಾರದೆಂದು ಅವನ ಕಸುಬಿನಿಂದಲೇ ಉಪಮೆಯನ್ನು ತೆಗೆದು ತಿಳಿಸಿದನು.

ಈ ಕಥೆಗೆ ನೋವಿನ ಉತ್ತರಾರ್ಧವೊಂದಿದೆ. ಅದೇ ವರ್ಷದ ಈಸ್ಟರ್ ಕಾಲದಲ್ಲಿ ಪೀಟರನು ಊಟಕ್ಕೆ ಕುಳಿತಿದ್ದಾಗ ಸೈನಿಕನಾಗಿದ್ದ ಅಳಿಯನು, ತನ್ನ ಮೈಗೆ ಆಯುಧ ನಾಟದು ಎಂದು ಜಂಬ ಕೊಚ್ಚಿದನು. ಪೀಟರನು ಚೂರಿಯಿಂದ ಇರಿದೇಬಿಟ್ಟನು, ಅಳಿಯನು ಸತ್ತನು. ಲೂಥರನೂ ಇತರರೂ ಪರವಾಗಿ ಬೇಡಿಕೊಂಡುದರಿಂದ ಪೀಟರನ ಪ್ರಾಣ ಉಳಿಯಿತು. ಆದರೆ ಆಸ್ತಿ ಹೋಯಿತು, ಊರು ಬಿಡಬೇಕಾಯಿತು. ಪ್ರಾರ್ಥನೆಯ ಅತ್ಯಂತ ಸುಂದರವಾದ ಪುಸ್ತಿಕೆಯೊಂದಕ್ಕೆ ಕಾರಣನಾದವನ ಗತಿಯಿದು! ಪ್ರಾರ್ಥನೆ ಕಲಿತವನು ಎಡವಲಾರನೆಂದು ಯಾರೂ ಭ್ರಮಿಸದಿರಲಿ. ಆದರೆ ಎಡವಿದವನ ಹೆಸರನ್ನು ಆ ಪುಸ್ತಿಕೆಯಿಂದ ಯಾರೂ ಅಳಿಸಲಿಲ್ಲ. ಅದು ಇಂದಿಗೂ ಅವನ ಹೆಸರಿನೊಡನೆಯೇ ಓದಲ್ಪಡುತ್ತಿದೆ.

ವೇದವು ಮನೆಮಾತಿನಲ್ಲಿ ದೊರೆಯದಿದ್ದರೆ ಇದಾವುದೂ ಸಾಧ್ಯವಾಗುತ್ತಿರಲಿಲ್ಲ. ಮನೆಯ ತಾಯಿ, ಬೀದಿಯ ಮಕ್ಕಳು, ಸಂತೆಯ ಸಾಮಾನ್ಯ ಮನುಷ್ಯ—ಇವರ ಬಾಯನ್ನು ನೋಡಿ ಭಾಷಾಂತರಿಸಬೇಕೆಂದು ಲೂಥರನು 1530ರಲ್ಲಿ ಬರೆದನು. ಕನ್ನಡದಲ್ಲಿ ಆ ಕೆಲಸವನ್ನು 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಆರಂಭಿಸಿದನು. ಇಡೀ ಸತ್ಯವೇದವು 1831ರಲ್ಲಿ ಹೊರಬಂದಿತು. ಲೂಥರನ ಮತ್ತು ಸ್ವಿಸ್ ಸುಧಾರಕರ ಅನುಯಾಯಿಗಳು ಕೂಡಿ ಕಟ್ಟಿದ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂದಿತು. ಅದರ ಕಿಟ್ಟೆಲನು 1894ರ ನಿಘಂಟಿನಿಂದ ಎಲ್ಲರಿಗೂ ಪರಿಚಿತನು. ಯೇಸುವಿನ ಚರಿತೆಯನ್ನು ಕನ್ನಡ ಛಂದಸ್ಸಿನಲ್ಲಿ ಹಾಡಿ 1862ರಲ್ಲಿ ‘ಕಥಾಮಾಲೆ’ಯನ್ನು ಪ್ರಕಟಿಸಿದವನೂ ಅವನೇ ಎಂಬುದನ್ನು ಬಲ್ಲವರು ಕಡಿಮೆ. ಓದು ಬಾರದಿದ್ದರೂ ಕನ್ನಡಿಗರು ಕಾವ್ಯದಲ್ಲಿ ನುರಿತವರೆಂದು ‘ಕವಿರಾಜಮಾರ್ಗ’ವು ಹೊಗಳಿದ್ದು ಇದೇ ಮಳಖೇಡದ ಅರಸನ ಆಸ್ಥಾನದಿಂದ. ಸಭೆಯಲ್ಲಿ ಮೊಮ್ಮಗಳು ಓದಿದ ಕೀರ್ತನೆಯನ್ನು ಕೇಳಿಯೇ ಕಂಠಸ್ಥ ಮಾಡಿಕೊಳ್ಳುವ ಅಕ್ಷರವರಿಯದ ಅಜ್ಜಿಯು ಆ ಹೊಗಳಿಕೆಗೆ ಹೊರತಾದವಳಲ್ಲ.

ವೆಸ್ಲಿಯು ಈ ಅಧ್ಯಯನಕ್ಕೆ ಇನ್ನೊಂದು ರೂಪವನ್ನು ಕೊಟ್ಟನು. 1742ರಲ್ಲಿ ಬ್ರಿಸ್ಟಲ್ ಊರಿನ ಪ್ರಾರ್ಥನಾಮಂದಿರದ ಮೇಲಿದ್ದ ಸಾಲವನ್ನು ತೀರಿಸಲು ಪ್ರತಿಯೊಬ್ಬ ಸದಸ್ಯನೂ ವಾರಕ್ಕೊಂದು ಪೆನ್ನಿ ಕೊಡಬೇಕೆಂದೂ, ಹನ್ನೆರಡು ಮಂದಿಗೆ ಒಬ್ಬನು ಅದನ್ನು ಕೂಡಿಸಬೇಕೆಂದೂ ಏರ್ಪಾಡಾಯಿತು. ಪೆನ್ನಿಗಾಗಿ ಮನೆಮನೆಗೆ ಹೋದವರು ಅಲ್ಲಿ ಕಾಯಿಲೆಯನ್ನು ಕಂಡರು, ಕುಡಿತವನ್ನು ಕಂಡರು, ಗಂಡ ಹೆಂಡಿರ ಜಗಳವನ್ನು ಕಂಡರು. ಹಣದ ಲೆಕ್ಕಕ್ಕೆಂದು ಹುಟ್ಟಿದ ಗುಂಪು ಆತ್ಮದ ಕ್ಷೇಮವನ್ನು ವಿಚಾರಿಸುವ ಗುಂಪಾಯಿತು. ವಾರದ ನಡುವೆ ಒಬ್ಬರ ಮನೆಯಲ್ಲಿ ದೀಪದ ಸುತ್ತ ಕೂಡಿ ಒಂದು ಅಧ್ಯಾಯ ಓದಿ, ಒಬ್ಬರ ಕಷ್ಟ ಇನ್ನೊಬ್ಬರು ಕೇಳಿ, ಚಹಾ ಕುಡಿದು ಏಳುವ ಕೂಟಗಳು ಅದರ ಮನೆತನಕ್ಕೇ ಸೇರಿದವು.

ಸಭೆಯೆಂಬುದು ಸಂತರ ಸಂತೆಯೇನೂ ಅಲ್ಲ. ಅಲ್ಲಿಯೂ ಮುಂದಿನ ಸಾಲಿನ ಆಸೆಯಿದೆ, ಚಾಡಿಯಿದೆ, ವರ್ಷಗಟ್ಟಲೆ ಮಾತು ಬಿಟ್ಟ ದಾಯಾದಿಗಳಿದ್ದಾರೆ. ಹೊಸ್ತಿಲಾಚೆ ಬಿಟ್ಟ ಚಪ್ಪಲಿಯಷ್ಟು ಸುಲಭವಾಗಿ ಜಾತಿಯ ನೆನಪನ್ನು ಬಿಟ್ಟುಬರಲು ಎಲ್ಲರಿಗೂ ಆಗುವುದಿಲ್ಲ. ಏಕಾಂತದ ಭಕ್ತನಿಗೆ ಈ ತೊಡಕಿಲ್ಲ. ಅವನು ಪ್ರೀತಿಸಬೇಕಾದ ನೆರೆಯವನೇ ಅಲ್ಲಿಲ್ಲ. ಕರ್ತನ ಭೋಜನಕ್ಕೆ ಮೊಣಕಾಲೂರಿದಾಗ ಮಾತ್ರ ಮಾತು ಬಿಟ್ಟವನ ತೋಳು ತೋಳಿಗೆ ತಾಗುತ್ತದೆ. ಒಂದೇ ರೊಟ್ಟಿಯ ತುಂಡು ಇಬ್ಬರ ಕೈಗೂ ಬರುತ್ತದೆ. ದೇವರ ಸಮೀಪಕ್ಕೆ ಹೋಗುವ ದಾರಿಯು ಆ ತೋಳಿನ ಪಕ್ಕದಲ್ಲಿಯೇ ಹಾಯ್ದುಹೋಗುವುದೆಂದು ಅಂದು ತಿಳಿಯುತ್ತದೆ. ತಿಳಿದವನು ಹೊರಬಂದ ಮೇಲೆ ಆ ದಾಯಾದಿಯನ್ನು ಮಾತನಾಡಿಸುವನೋ ಇಲ್ಲವೋ ಎಂಬುದೇ ಆ ದಿನದ ಆರಾಧನೆಯ ಬೆಲೆ.

ವೇದವನ್ನು ಅರಿಯುವುದಕ್ಕೆ ಮೂರು ಸಾಧನಗಳೆಂದು ಲೂಥರನು 1539ರಲ್ಲಿ ಬರೆದನು: ಪ್ರಾರ್ಥನೆ, ಮನನ, ಶೋಧನೆ. ಮೊದಲೆರಡನ್ನು ಎಲ್ಲ ಮತದ ಗುರುಗಳೂ ಹೇಳಿಯಾರು. ಮೂರನೆಯದನ್ನು ಸೇರಿಸಿದ್ದು ಅವನ ಅನುಭವದ ಫಲ. ಓದಿದ ವಾಕ್ಯವು ನಿಜವೋ ಅಲ್ಲವೋ ಎಂಬುದು ಪುಸ್ತಕ ಮುಚ್ಚಿದ ಮೇಲೆ, ಸಂಬಳ ಬಾರದ ತಿಂಗಳಲ್ಲಿ, ಮಳೆ ಕೈಕೊಟ್ಟು ತೊಗರಿ ಒಣಗಿದ ವರ್ಷದಲ್ಲಿ, ಆಸ್ಪತ್ರೆಯ ಜಗಲಿಯಲ್ಲಿ ತಿಳಿಯುತ್ತದೆ. ಪ್ರತಿವರ್ಷ ನವೆಂಬರಿನಲ್ಲಿ ವಾಡಿಯಿಂದ ವಿಕಾರಾಬಾದಿಗೆ ಹೋಗುವ ರೈಲುದಾರಿಯ ಧಾರೂರಿನಲ್ಲಿ ಮೆಥೊಡಿಸ್ಟ್ ಸಭೆಯ ಜಾತ್ರೆ ನೆರೆಯುತ್ತದೆ. ಮೂಟೆ ಕಟ್ಟಿಕೊಂಡು, ಮಕ್ಕಳನ್ನು ಕರೆದುಕೊಂಡು, ರೊಟ್ಟಿ ಬುತ್ತಿಯೊಡನೆ ಜನ ಹೊರಡುತ್ತಾರೆ. ಕೆಲವರು ಹರಕೆ ತೀರಿಸಲು, ಕೆಲವರು ಬೇಡಲು, ಕೆಲವರು ಕಳೆದ ವರ್ಷ ಬೇಡಿದ್ದು ದೊರೆಯದೆ ಇದ್ದರೂ ಹೊರಡುತ್ತಾರೆ. ಈ ಮೂರನೆಯವರ ಮುಖವನ್ನು ನೋಡಬೇಕು. ದೇವರಿಗೆ ಅವರಿಗಿಂತ ಹತ್ತಿರದವರು ಇರಲಾರರು.