ಹೊಳಲಿನಿಂದ ಎಸ್.ಪಿ. ರಸ್ತೆಗೆ

ವಿಜಯನಗರ ಜಿಲ್ಲೆಯ ಹೂವಿನಹಡಗಲಿ ತಾಲ್ಲೂಕಿನಲ್ಲಿ, ತುಂಗಭದ್ರೆಗೆ ಅನತಿದೂರದಲ್ಲಿ ಹೊಳಲು ಎಂಬ ಗ್ರಾಮವುಂಟು. ಕಾರಣಿಕದ ಮೈಲಾರಕ್ಕೆ ಹೋದ ಭಕ್ತರಲ್ಲಿ ಕೆಲವರು ಇಲ್ಲಿಗೂ ಬಂದು ಅನಂತಶಯನನ ದರ್ಶನ ಪಡೆದು ಹೋಗುವರು. ಆದಿಶೇಷನ ಮೇಲೆ ಪವಡಿಸಿದ ಆ ಶಿಲಾಮೂರ್ತಿಯ ಸುತ್ತ ಒಂದು ಐತಿಹ್ಯ ಬೆಳೆದಿದೆ. ಕೃಷ್ಣದೇವರಾಯನು 1524ರಲ್ಲಿ ಹೊಸಪೇಟೆಯ ಬಳಿ ತನ್ನ ಮಗ ತಿರುಮಲನ ಹೆಸರಿನಲ್ಲಿ ಪುರವನ್ನು ಕಟ್ಟಿಸಿ, ಅಲ್ಲಿ ಅನಂತಶಯನನಿಗೊಂದು ಭವ್ಯವಾದ ಗುಡಿಯನ್ನು ಎತ್ತಿಸಿದನು. ಹೊಳಲಿನ ಸ್ವಾಮಿ ಅಲ್ಲಿಗೆ ಬರಲು ಒಪ್ಪಿದನಂತೆ; ಆದರೆ ರಾಯನು ಮುಂದೆ ನಡೆಯಬೇಕು, ಹಿಂದಿರುಗಿ ನೋಡಬಾರದು. ನಡುದಾರಿಯಲ್ಲಿ ರಾಯನ ಮನಸ್ಸು ತಡೆಯಲಿಲ್ಲ, ತಿರುಗಿ ನೋಡಿದನು. ಸ್ವಾಮಿ ಹೊಳಲಿನಲ್ಲಿಯೇ ಉಳಿದನು. ಅನಂತಶಯನಗುಡಿಯ ಉದ್ದನೆಯ ಪೀಠ ಇಂದಿಗೂ ಬರಿದು.

ಇಂಥ ಊರಿನ ತರುಣನೊಬ್ಬನ ಕೈಗೆ ಒಂದು ಹಳೆಯ ಗೇಮ್ ಯಂತ್ರ ಬಂದಿತೆನ್ನೋಣ. ನಗರದಲ್ಲಿ ಓದುವ ನೆಂಟರ ಹುಡುಗ ಬೇಸತ್ತು ಕೊಟ್ಟದ್ದೋ, ಸೆಕೆಂಡ್ ಹ್ಯಾಂಡ್ ಕೊಂಡದ್ದೋ ಇರಬಹುದು. ಅಂಗೈಯಗಲದ ಪರದೆ, ಎರಡೂ ಕಡೆ ಗುಂಡಿಗಳು. ಸೋನಿಯವರು 2004ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಹೊರತಂದ ಪಿ.ಎಸ್.ಪಿ. ಯಂತ್ರ. ಇದರ ತಯಾರಿಕೆ 2014ರಲ್ಲಿಯೇ ನಿಂತುಹೋಯಿತು. ಯಂತ್ರದೊಳಗಿನಿಂದಲೇ ಆಟ ಕೊಳ್ಳಬಹುದಾಗಿದ್ದ ಮಳಿಗೆಯೂ ಬಾಗಿಲು ಹಾಕಿತು. ಇನ್ನುಳಿದದ್ದು ಹಳೆಯ ತಟ್ಟೆಗಳು; ಅವು ಹೊಳಲಿನಲ್ಲಿ ಸಿಗುವ ವಸ್ತುಗಳಲ್ಲ. ತನ್ನ ಬಳಿ ಇರುವ ಯಂತ್ರ ಗಟ್ಟಿಯಾಗಿದ್ದರೂ ಅದಕ್ಕೆ ಉಣಿಸಲು ಏನೂ ಇಲ್ಲವೆಂಬ ಈ ಅವಸ್ಥೆಯೇ ಆತನನ್ನು 'ಕಸ್ಟಮ್ ಫರ್ಮ್‌ವೇರ್' ಎಂಬ ಮಾತಿನ ಕಡೆಗೆ ಎಳೆಯುತ್ತದೆ.

ಗುಂಡಿ ಒತ್ತಿದೊಡನೆ ಯಂತ್ರದಲ್ಲಿ ಮೊದಲು ಎಚ್ಚರಗೊಳ್ಳುವ ಮೂಲ ಆಜ್ಞಾವಳಿಗೆ ಫರ್ಮ್‌ವೇರ್ ಎಂದು ಹೆಸರು. ಪಿ.ಎಸ್.ಪಿ.ಯ ಮೊದಲ ಮಾದರಿಯಲ್ಲಿ ಅದು 32 ಮೆಗಾಬೈಟಿನ ಒಂದು ಚಿಪ್ಪಿನೊಳಗೆ ನೆಲೆಸಿದೆ. ತಯಾರಕರ ಮುದ್ರೆಯಿಲ್ಲದ ಯಾವ ಆಟವನ್ನೂ ಅದು ಹೊಸಲು ದಾಟಗೊಡದು. ಈ ದ್ವಾರಪಾಲಕನನ್ನು ತೆಗೆದು, ಅನ್ಯರು ತಿದ್ದಿದ ಮತ್ತೊಬ್ಬನನ್ನು ನಿಲ್ಲಿಸುವುದೇ ಕಸ್ಟಮ್ ಫರ್ಮ್‌ವೇರ್. ಬದಲಾವಣೆ ನಡೆಯುವ ಕೆಲವು ನಿಮಿಷಗಳ ಕಾಲ ಹಳಬನು ಹೋಗಿರುತ್ತಾನೆ, ಹೊಸಬನು ಬಂದಿರುವುದಿಲ್ಲ. ಆ ಹೊತ್ತಿನಲ್ಲಿ ವಿದ್ಯುತ್ತು ಹೋಯಿತೋ, ಯಂತ್ರಕ್ಕೆ ಮತ್ತೆ ಎಚ್ಚರವಾಗುವುದೇ ಕಷ್ಟ. ಇದನ್ನೇ ಬಲ್ಲವರು 'ಬ್ರಿಕ್ ಆಯಿತು' ಎನ್ನುವರು. ಯಂತ್ರ ಹೋಗಿ ಇಟ್ಟಿಗೆ ಉಳಿಯಿತೆಂದು ತಾತ್ಪರ್ಯ. ರಾಯನಿಗೆ ದೇವರು ಹಾಕಿದ ನಿಬಂಧನೆಯೂ ಹೆಚ್ಚುಕಡಿಮೆ ಇದೇ ಜಾತಿಯದು.

ಬ್ಯಾಟರಿ ಸಾಕಷ್ಟು ತುಂಬಿಲ್ಲದಿದ್ದರೆ ಈ ಕಾರ್ಯವನ್ನು ಆರಂಭಿಸಗೊಡದ ಏರ್ಪಾಡು ಪಿ.ಎಸ್.ಪಿ.ಯಲ್ಲಿ ಉಂಟು. ಆದರೆ ಹತ್ತು ಹದಿನೈದು ವರ್ಷ ಕಳೆದ ಬ್ಯಾಟರಿಗಳು ಉಬ್ಬಿ, ಹಿಂಬದಿಯ ಮುಚ್ಚಳವನ್ನೇ ಎತ್ತಿಬಿಡುವುದು ಸಾಮಾನ್ಯ. ಅಂಥದನ್ನು ತೆಗೆದೆಸೆದು ಗೋಡೆಯ ವಿದ್ಯುತ್ತಿನಿಂದಲೇ ಯಂತ್ರ ನಡೆಸುವವರುಂಟು. ಮಳೆಗಾಳಿಗೆ ದೀಪ ಕಣ್ಣುಮುಚ್ಚುವ ಊರಿನಲ್ಲಿ, ತಡೆಯನ್ನು ತಪ್ಪಿಸುವ ಉಪಾಯ ಹೂಡಿ, ಹೀಗೆ ಫರ್ಮ್‌ವೇರ್ ಬದಲಿಸಹೊರಡುವುದು ಸಾಹಸವಲ್ಲ, ಹುಂಬತನ. ನಕಲಿ ಮೆಮೊರಿ ಕಾರ್ಡಿನ ಅಪಾಯ ಬೇರೆ. ಹೊರಗೆ ಬರೆದಿರುವಷ್ಟು ಜಾಗ ಒಳಗಿರುವುದಿಲ್ಲ, ಬರೆದ ಕಡತ ಅರ್ಧಕ್ಕೇ ಕೊಳೆತಿರುತ್ತದೆ.

ಈ ವಿದ್ಯೆಯ ಚರಿತ್ರೆ ಸ್ವಾರಸ್ಯವಾದದ್ದು. 2005ರ ಅಕ್ಟೋಬರಿನಲ್ಲಿ, ಹೊಸ ಆವೃತ್ತಿಯನ್ನು ಹಳೆಯದಕ್ಕೆ ಇಳಿಸಿಕೊಡುವೆನೆಂದು ನಂಬಿಸಿದ ಒಂದು ಕಡತ ಹರಡಿತು. ನಂಬಿದವರ ಪಿ.ಎಸ್.ಪಿ.ಯಲ್ಲಿ ಅದು ಮೂಲ ಕಡತಗಳನ್ನೇ ಅಳಿಸಿಹಾಕಿತು. ಮುಂದೆ ಡಾರ್ಕ್ ಅಲೆಕ್ಸ್ ಎಂಬ ಅಂಕಿತದ ಸ್ಪೇನ್ ದೇಶದ ಕುಶಲಿಯೊಬ್ಬನ ತಿದ್ದುಪಡಿಗಳು ಜಗತ್ತಿನಲ್ಲೆಲ್ಲ ಹಬ್ಬಿದವು. 2007ರಲ್ಲಿ ಮತ್ತೊಂದು ಸೋಜಿಗ ನಡೆಯಿತು. ಕೆಟ್ಟ ಯಂತ್ರಗಳನ್ನು ರಿಪೇರಿ ಮಾಡಲು ತಯಾರಕರು ತಮಗಾಗಿ ಇಟ್ಟುಕೊಂಡಿದ್ದ ಒಂದು ಗುಪ್ತದ್ವಾರ ಬ್ಯಾಟರಿಯಲ್ಲಿದೆಯೆಂದು ಹೊರಗಿನವರಿಗೆ ತಿಳಿಯಿತು. ಬ್ಯಾಟರಿಯೊಳಗಿನ ಕ್ರಮಸಂಖ್ಯೆಯನ್ನು ಬದಲಿಸಿದರೆ ಯಂತ್ರ ತನ್ನ ಫರ್ಮ್‌ವೇರನ್ನು ಕೇಳುವುದೇ ಇಲ್ಲ, ನೇರವಾಗಿ ಮೆಮೊರಿ ಕಾರ್ಡಿನಿಂದ ಎದ್ದು ಕೂರುತ್ತದೆ. ಗ್ರೀಕರ ಪುರಾಣದ ಹೆಸರು ಹಿಡಿದು ಇದನ್ನು ಪಂಡೋರಾ ಬ್ಯಾಟರಿ ಎಂದರು. ಇಟ್ಟಿಗೆಗಳಿಗೆ ಜೀವ ಬಂದಿತು! ಆದರೆ ತಯಾರಕರು ಸುಮ್ಮನಿರಲಿಲ್ಲ. ಆಮೇಲಿನ ಯಂತ್ರಗಳಲ್ಲಿ ಆ ಬಾಗಿಲನ್ನು ಮುಚ್ಚಿದರು. ಅವುಗಳಲ್ಲಿ ಬಹುಕಾಲ ಕಸ್ಟಮ್ ಫರ್ಮ್‌ವೇರ್ ತಾತ್ಕಾಲಿಕವಾಗಿ ಮಾತ್ರ ನಿಲ್ಲುತ್ತಿತ್ತು. ಪೂರ್ತಿ ಆರಿಸಿ ಹೊತ್ತಿಸಿದರೆ ಮಾಯವಾಗುತ್ತಿತ್ತು. ಜನ ಇದನ್ನು ಕೊರತೆಯೆಂದು ಗೊಣಗಿದರು. ಮೂಲವನ್ನು ಮುಟ್ಟದ ಈ ಕ್ರಮವೇ ಎಲ್ಲಕ್ಕಿಂತ ನಿರಪಾಯಕಾರಿ ಎಂಬುದನ್ನು ಅವರು ಲೆಕ್ಕಕ್ಕೆ ಹಿಡಿಯಲಿಲ್ಲ.

ನಿಂಟೆಂಡೊ 3ಡಿ.ಎಸ್.ನ ಕಥೆಯಲ್ಲಿ ಕಳ್ಳನಿಗೆ ಕಳ್ಳನೇ ಕೊಟ್ಟ ಪೆಟ್ಟೊಂದಿದೆ. ಅಕ್ರಮ ಆಟಗಳಿಗೆಂದು ಕಾರ್ಡ್ ಮಾರುತ್ತಿದ್ದ ತಂಡವೊಂದು, ತನ್ನ ಕಾರ್ಡಿನ ನಕಲನ್ನು ಬಳಸುವವರನ್ನು ದಂಡಿಸಲು, ಯಂತ್ರವನ್ನೇ ಕೆಡಿಸುವ ಆಜ್ಞೆಯನ್ನು ತನ್ನ ಫರ್ಮ್‌ವೇರಿನಲ್ಲಿ ಅಡಗಿಸಿತ್ತೆಂದು 2014ರಲ್ಲಿ ಬಯಲಾಯಿತು. 2017ರಲ್ಲಿ ಯಂತ್ರದ ಹುಟ್ಟಿನಲ್ಲಿಯೇ ಇದ್ದ ದೋಷವೊಂದು ಕೈಗೆ ಸಿಕ್ಕ ಮೇಲೆ ಅಪಾಯ ಬಹಳ ಮಟ್ಟಿಗೆ ತಗ್ಗಿತು. ಚಿಪ್ಪಿನಲ್ಲಿರುವುದೆಲ್ಲವನ್ನೂ ಮೊದಲು ನಕಲು ಮಾಡಿ ಬೇರೆಡೆ ಇಟ್ಟುಕೊಂಡವರಿಗೆ ಕೆಟ್ಟದ್ದನ್ನು ಮರಳಿ ಸರಿಪಡಿಸುವ ದಾರಿಯೂ ದೊರೆಯಿತು. ಸ್ವಿಚ್ ಯಂತ್ರದ ಮಾತು ಬೇರೆ. ಅದರ ಮೊದಲ ಯಂತ್ರಗಳ ದೋಷ 2018ರಲ್ಲಿ ಬಯಲಾದರೂ, ತಿದ್ದಿದ ಯಂತ್ರವೆಂದು ಗುರುತಿಸಿದರೆ ಕಂಪನಿ ತನ್ನ ಜಾಲದಿಂದಲೇ ಅದನ್ನು ಹೊರಹಾಕುತ್ತದೆ. ಯಂತ್ರ ಬದುಕಿರುತ್ತದೆ, ಬಹಿಷ್ಕಾರ ಬಿದ್ದಿರುತ್ತದೆ.

ಹೊಳಲಿನ ತರುಣನು ಇವೆಲ್ಲಕ್ಕೆ ಉತ್ತರ ಹುಡುಕಿ ಹೊರಟರೆ ತುಂಗಭದ್ರೆಯನ್ನು ದಾಟಿ, ರಾಣೆಬೆನ್ನೂರಿನಲ್ಲಿ ರೈಲು ಹಿಡಿದು, ಮುನ್ನೂರು ಕಿಲೋಮೀಟರಿಗೂ ಮಿಕ್ಕ ದಾರಿ ಸವೆಸಿ ಬೆಂಗಳೂರಿಗೆ ಬರಬೇಕು. ಪುರಭವನಕ್ಕೆ ಸಮೀಪದಲ್ಲಿ, ಹಳೆಯ ಪೇಟೆಯ ಇಕ್ಕಟ್ಟಿನಲ್ಲಿದೆ ಸಾದರ ಪತ್ರಪ್ಪ ರಸ್ತೆ. ಆ ಪೂರ್ಣನಾಮದಿಂದ ಕೇಳಿದರೆ ಆಟೋದವರೂ ಒಂದು ಗಳಿಗೆ ಯೋಚಿಸುವರು. ಎಸ್.ಪಿ. ರೋಡ್ ಎಂದರೆ ಸಾಕು. ತಂತಿಯ ಸುರುಳಿ, ಬೆಸುಗೆಯ ಹೊಗೆ, ತಲೆಯ ಮೇಲೆ ಪೆಟ್ಟಿಗೆ ಹೊತ್ತ ಕೂಲಿಯವರ "ದಾರಿ, ದಾರಿ!" ಎಂಬ ಕೂಗು, ಕನ್ನಡ ತಮಿಳು ಹಿಂದಿಗಳ ಕಲಸುಮೇಲೋಗರ. ಕಂಪ್ಯೂಟರಿನ ಯಾವ ಅಂಗವಾದರೂ ಇಲ್ಲಿ ಬಿಡಿಬಿಡಿಯಾಗಿ ಸಿಗುತ್ತದೆ. ಬಿಚ್ಚಿ ನೋಡಬಲ್ಲ ಕೈಗಳೂ ಸಿಗುತ್ತವೆ.

ಬಲ್ಲ ಕೆಲಸಗಾರನು ಮೊದಲು ಬೆಲೆ ಹೇಳುವುದಿಲ್ಲ. "ತಮ್ಮಾ, ಯಾವ ಮಾಡೆಲ್ಲು? ಈಗ ಒಳಗೆ ಯಾವ ವರ್ಷನ್ನಿದೆ? ಆಡಿ ಉಳಿಸಿಟ್ಟದ್ದನ್ನೆಲ್ಲ ತೆಗೆದಿಟ್ಟುಕೊಂಡಿದ್ದೀಯಾ?" ಎಂದು ಕೇಳುತ್ತಾನೆ. ಇಷ್ಟನ್ನೂ ಕೇಳದೆ, ಅರ್ಧ ಗಂಟೆಯಲ್ಲಿ ನೂರು ಆಟ ತುಂಬಿಕೊಡುವೆನೆನ್ನುವವನ ಮುಂದೆ ನಿಲ್ಲದಿರುವುದು ಲೇಸು. ಆ ನೂರು ಆಟಗಳಿಗೆ ಕಾನೂನಿನ ತೊಡಕೂ ಇದೆ. 2012ರಲ್ಲಿ ನಮ್ಮ ಕೃತಿಸ್ವಾಮ್ಯದ ಕಾಯಿದೆಗೆ ಸೇರಿದ 65ಎ ಕಲಮಿನಂತೆ, ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ಇಂಥ ಬೀಗವನ್ನು ಮುರಿದವನಿಗೆ ಎರಡು ವರ್ಷಗಳವರೆಗೆ ಸೆರೆಮನೆಯನ್ನೂ ದಂಡವನ್ನೂ ವಿಧಿಸಬಹುದು. ಕಲಮಿನ ಜೀವ 'ಉದ್ದೇಶ' ಎಂಬ ಮಾತಿನಲ್ಲಿದೆ. ಸ್ವಂತ ಹವ್ಯಾಸಕ್ಕೆ ತಾನೇ ಬರೆದ ಆಟವನ್ನು ಓಡಿಸಿ ನೋಡುವವನನ್ನೂ ಕದ್ದ ಆಟವನ್ನು ತುಂಬಿ ಮಾರುವವನನ್ನೂ ಅದು ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ.

ಎಸ್.ಪಿ. ರಸ್ತೆಯಲ್ಲಿ ಕೆಟ್ಟರೆ ಎದುರಿನ ಅಂಗಡಿಯಲ್ಲಿ ಕೇಳಬಹುದು. ಹೊಳಲಿನಲ್ಲಿ ಕೆಟ್ಟರೆ ಮತ್ತೆ ಬಸ್ಸು, ಮತ್ತೆ ಹೊಳೆ, ಮತ್ತೆ ರೈಲು. ಒಂದು ದಿನದ ಕೂಲಿಯೂ ಹೋಯಿತು. ಈ ಲೆಕ್ಕ ತಿಳಿದವರು ಉಬ್ಬಿದ ಬ್ಯಾಟರಿಗೆ ಬದಲು ಹೊಸದೊಂದನ್ನೂ, ನಂಬಿಕೆಯ ಮೆಮೊರಿ ಕಾರ್ಡೊಂದನ್ನೂ ಕೊಂಡು, ಫರ್ಮ್‌ವೇರಿನ ಗೋಜಿಗೆ ಹೋಗದೆಯೇ ರಾತ್ರಿಯ ರೈಲು ಹತ್ತುವುದೂ ಉಂಟು.