ಕಪ್ಪು ಸ್ಕ್ರೀನ್ ಡೈರಿ – 6: ಕೀಬೋರ್ಡ್ ಕೆಟ್ಟಿಲ್ಲ

ಫಸ್ಟ್ ಸೆಮ್‌ನ ಮೊದಲ ಲಿನಕ್ಸ್ ಲ್ಯಾಬ್ ನೆನಪಿದೆಯಾ? ಕಪ್ಪು ಸ್ಕ್ರೀನ್. ಮೇಲೆ ‘ಡೆಬಿಯನ್ ಜಿಎನ್‌ಯು/ಲಿನಕ್ಸ್’ ಅಂತ ಒಂದು ಸಾಲು, ಕೆಳಗೆ ‘ಲಾಗಿನ್’. ಅಷ್ಟೇ.

ಹೆಸರು ಟೈಪ್ ಮಾಡಿದೆ, ಬಂತು. ಪಾಸ್‌ವರ್ಡ್ ಟೈಪ್ ಮಾಡಿದೆ, ಒಂದು ಚುಕ್ಕಿನೂ ಬರಲಿಲ್ಲ. ಕೀಬೋರ್ಡ್ ಕೆಟ್ಟೋಯ್ತು ಅಂದ್ಕೊಂಡೆ. ಕೇಳೋಕೆ ನಾಚಿಕೆ. ಪಕ್ಕದವರೆಲ್ಲ ಟಕಟಕ ಅಂತ ಕೆಲಸ ಶುರು ಮಾಡಿದ್ರೆ ನಾನು ಹತ್ತು ನಿಮಿಷ ಸುಮ್ನೆ ಕೂತಿದ್ದೆ.

ಈ ವರ್ಷ ಅದೇ ಲ್ಯಾಬ್‌ನ ಮೆಷಿನ್ ಸೆಟಪ್ ಮಾಡೋಕೆ ಮೇಡಂ ನನ್ನನ್ನೇ ಕರೆದ್ರು. ಆಗ ಗೊತ್ತಾಯ್ತು, ಆ ಮೇಲಿನ ಸಾಲನ್ನ ನಾವೇ ಬದಲಾಯಿಸಬಹುದು. ‘ಇಟಿಸಿ’ ಫೋಲ್ಡರಲ್ಲಿ ‘ಇಶ್ಯೂ’ ಅಂತ ಒಂದು ಸಾದಾ ಟೆಕ್ಸ್ಟ್ ಫೈಲ್ ಇದೆ. ಲಾಗಿನ್ ಕೇಳೋ ಪ್ರೋಗ್ರಾಂ ಮೊದಲು ಅದನ್ನ ಓದಿ ತೋರಿಸುತ್ತೆ. ಬ್ಯಾಕ್‌ಸ್ಲ್ಯಾಶ್ ಹಾಕಿ ‘ಎನ್’ ಬರೆದರೆ ಮೆಷಿನ್ ಹೆಸರು ಬರುತ್ತೆ, ‘ಡಿ’ ಬರೆದರೆ ಇವತ್ತಿನ ತಾರೀಖು. ತಿದ್ದೋಕೆ ರೂಟ್ ಅನುಮತಿ ಬೇಕು. ಹಳೇ ಫೈಲಿನ ಒಂದು ಕಾಪಿ ಇಟ್ಕೊಳ್ಳಿ.

ಖುಷಿಯಲ್ಲಿ ಕನ್ನಡದಲ್ಲೇ ‘ಬನ್ನಿ’ ಅಂತ ಬರೆದೆ. ಬಂದದ್ದು ಬರೀ ಚೌಕ! ಆ ಕನ್ಸೋಲ್ ಫಾಂಟ್‌ನಲ್ಲಿ ಹೆಚ್ಚೆಂದರೆ 512 ಆಕಾರ ಹಿಡಿಯುತ್ತೆ. ಒತ್ತಕ್ಷರ ಜೋಡಿಸೋದಂತೂ ಅದಕ್ಕೆ ಬರಲ್ಲ. ಬೇಜಾರಾಯ್ತು. ಆಮೇಲೆ ವಾಟ್ಸಾಪಲ್ಲಿ ಬರೀತೀವಲ್ಲ, ಹಂಗೆ ಇಂಗ್ಲಿಷ್ ಅಕ್ಷರದಲ್ಲೇ ನಮ್ಮ ಮಾತು ಬರೆದೆ:

‘ಪಾಸ್‌ವರ್ಡ್ ಟೈಪ್ ಮಾಡುವಾಗ ಏನೂ ಕಾಣಲ್ಲ. ಕೀಬೋರ್ಡ್ ಕೆಟ್ಟಿಲ್ಲ. ಪೂರ್ತಿ ಟೈಪ್ ಮಾಡಿ ಎಂಟರ್ ಒತ್ತಿ.’

ನೀವೂ ಮಾಡೋದಾದ್ರೆ ಒಂದು ಎಚ್ಚರ. ಇದು ಪಾಸ್‌ವರ್ಡ್‌ಗಿಂತ ಮೊದಲೇ ಕಾಣೋದು, ಯಾರು ಬೇಕಾದರೂ ಓದ್ತಾರೆ. ಗುಟ್ಟಿನದೇನೂ ಬರೀಬೇಡಿ. ಒಳಗೆ ಬಂದವರಿಗೆ ಮಾತ್ರ ಹೇಳೋ ಮಾತಿಗೆ ‘ಎಂಒಟಿಡಿ’ ಅನ್ನೋ ಫೈಲ್ ಇದೆ. ಎಸ್‌ಎಸ್‌ಎಚ್‌ನಲ್ಲಿ ದೂರದಿಂದ ಬರೋರಿಗೆ ‘ಇಶ್ಯೂ’ ತಾನಾಗೇ ಕಾಣಲ್ಲ. ಅದಕ್ಕೆ ಸರ್ವರ್‌ನ ಎಸ್‌ಎಸ್‌ಎಚ್ ಸೆಟ್ಟಿಂಗ್‌ನಲ್ಲಿ ‘ಬ್ಯಾನರ್’ ಅಂತ ಬೇರೆ ಸಾಲು ಹಾಕಬೇಕು.

ಸೋಮವಾರ ಜೂನಿಯರ್ಸ್ ಬಂದ್ರು. ಹಿಂದಿನ ಸಾಲಲ್ಲಿ ಒಬ್ಬಳು ಕೈ ಕೀಬೋರ್ಡ್ ಮೇಲಿಟ್ಟು ನಿಂತ್ಬಿಟ್ಲು. ತುಟಿ ಅಲ್ಲಾಡಿಸ್ತಾ ಆ ಸಾಲು ಓದಿದ್ಲು. ಟೈಪ್ ಮಾಡಿದ್ಲು, ಎಂಟರ್ ಒತ್ತಿದ್ಲು, ಒಳಗೆ ಹೋದ್ಲು. ಯಾರನ್ನೂ ಕೇಳಲಿಲ್ಲ, ನನ್ನ ಕಡೆ ತಿರುಗಿ ನೋಡಲೂ ಇಲ್ಲ.

ನಂಗೆ ಅಷ್ಟೇ ಬೇಕಿತ್ತು.

ನಿಮ್ಮ ಕೈಗೆ ಆ ಫೈಲ್ ಸಿಕ್ಕರೆ ಏನ್ ಬರೀತೀರಾ? ಕಾಮೆಂಟಲ್ಲಿ ಹೇಳಿ. 👇

#ಕಪ್ಪುಸ್ಕ್ರೀನ್‌ಡೈರಿ #ಲಿನಕ್ಸ್ #ಕನ್ನಡದಲ್ಲಿಟೆಕ್