ತಗ್ಗಿಸುವ ವಿದ್ಯೆ

ಮದುವೆಯ ಮನೆಯಲ್ಲಿ ಅಡುಗೆಯವರನ್ನೂ ಸಭೆಯಲ್ಲಿ ಮೈಕಿನವರನ್ನೂ ಜನರು ನೆನೆಯುವುದು ಏನಾದರೂ ಕೆಟ್ಟಾಗ ಮಾತ್ರ. ಸಾರಿಗೆ ಉಪ್ಪು ಹದವಾಗಿದ್ದರೆ ಅಡುಗೆಯ ಕೊಟ್ಟಿಗೆಯ ಕಡೆಗೆ ಯಾರೂ ನೋಡುವುದಿಲ್ಲ; ಹೆಚ್ಚಾದರೆ ಎಲ್ಲರ ಕತ್ತೂ ಆ ಕಡೆಗೇ ತಿರುಗುತ್ತದೆ. ಧ್ವನಿವರ್ಧಕವು ಕುಯ್ಯೆಂದು ಕಿರುಚಿಕೊಂಡಾಗಲೂ ಹೀಗೆಯೇ. ಅಲ್ಲೊಬ್ಬ ಮನುಷ್ಯನು ಗುಂಡಿಗಳ ಪೆಟ್ಟಿಗೆಯ ಮುಂದೆ ಕುಳಿತಿದ್ದಾನೆಂಬುದು ಸಭಿಕರಿಗೆ ಆಗ ಗೊತ್ತಾಗುತ್ತದೆ. ಎರಡು ವರ್ಷಗಳಿಂದ ರಜೆಯ ದಿನಗಳಲ್ಲಿ ಆ ಪೆಟ್ಟಿಗೆಯ ಮುಂದೆ ಕುಳಿತುಕೊಳ್ಳುವವರಲ್ಲಿ ನಾನೂ ಒಬ್ಬನು. ಆದ್ದರಿಂದ ಅದರ ವಿಷಯವಾಗಿ ನಾಲ್ಕು ಮಾತು ಬರೆಯಲು ಹೊರಟಿದ್ದೇನೆ.

ಬಂಟ್ವಾಳದಿಂದ ಮೂಡುಬಿದಿರೆಗೆ ಹೋಗುವ ದಾರಿಯಲ್ಲಿರುವ ನಮ್ಮ ಸಿದ್ಧಕಟ್ಟೆಯಲ್ಲಿ ಮೈಕಿಗೆ ಬಿಡುವೆಂಬುದು ಮಳೆಗಾಲದಲ್ಲಿ ಮಾತ್ರ. ದೀಪಾವಳಿ ಕಳೆದು ಮೇಳಗಳು ತಿರುಗಾಟಕ್ಕೆ ಹೊರಟವೆಂದರೆ ಪತ್ತನಾಜೆಯವರೆಗೆ ಒಂದಲ್ಲ ಒಂದು ಬಯಲಿನಲ್ಲಿ ಆಟ. ನಡುವೆ ನೇಮ, ಮದುವೆ, ಶಾಲೆಯ ವಾರ್ಷಿಕೋತ್ಸವ, ಹೊಕ್ಕಾಡಿಗೋಳಿಯ ಕಡೆ ಕಂಬಳ. ಎಲ್ಲ ಕಡೆಯೂ ನಮ್ಮ ಮೈಕಿನ ಅಣ್ಣನಿಗೆ ಸಿಕ್ಕುವ ಅಪ್ಪಣೆ ಒಂದೇ: “ಜೋರು ಇರಲಿ ಮಾರಾಯ!” ಶಬ್ದವು ದೂರಕ್ಕೆ ಕೇಳಿದಷ್ಟೂ ಆಟ ಆಡಿಸುವವರ ಮರ್ಯಾದೆ ದೊಡ್ಡದೆಂಬ ನಂಬಿಕೆ ನಮ್ಮಲ್ಲುಂಟು.

ಹೀಗಿದ್ದರೂ ನಮ್ಮ ಅಜ್ಜ ಮೂರು ವರ್ಷಗಳಿಂದ ಆಟಕ್ಕೆ ಹೋಗುವುದನ್ನೇ ಬಿಟ್ಟಿದ್ದರು. ಅವರು ಒಂದು ಕಾಲಕ್ಕೆ ಸೂಟೆಯ ಬೆಳಕಿನಲ್ಲಿ ಹರದಾರಿ ನಡೆದು ಆಟ ನೋಡಿದವರು. ಕಾರಣ ಕೇಳಿದರೆ, “ಮಗಾ, ಶಬ್ದ ಕೇಳುತ್ತದೆ, ಮಾತು ಕೇಳುವುದಿಲ್ಲ” ಎಂದರು. ಮುದುಕರ ಗೊಣಗಾಟವೆಂದು ತಳ್ಳಿಹಾಕಬಹುದಾದ ಈ ಮಾತಿನಲ್ಲಿ ಧ್ವನಿಶಾಸ್ತ್ರದ ಒಂದು ದೊಡ್ಡ ಸತ್ಯ ಅಡಗಿದೆ. ವಯಸ್ಸಾದಂತೆ ಕಿವಿಯು ಮೊದಲು ಕಳೆದುಕೊಳ್ಳುವುದು ಎತ್ತರದ ಕಂಪನಗಳ ಸ್ವರವನ್ನು. ಸ್ವರಾಕ್ಷರಗಳ ಬಲವೆಲ್ಲ ಕೆಳಗಿನ ಕಂಪನಗಳಲ್ಲಿದ್ದರೆ, ಒಂದು ಮಾತನ್ನು ಇನ್ನೊಂದರಿಂದ ಬೇರ್ಪಡಿಸುವ ವ್ಯಂಜನಗಳ ಸೂಕ್ಷ್ಮವು ಮೇಲಿನ ಕಂಪನಗಳಲ್ಲಿದೆ. ತಲೆ, ಕಲೆ, ಬಲೆ ಎಂಬ ಮೂರು ಮಾತುಗಳು ಮೊದಲಿನ ಒಂದು ವ್ಯಂಜನದಿಂದಲೇ ಬೇರೆ ಬೇರೆ. ಅದು ಮುಸುಕಾದರೆ ಕೇಳುಗನಿಗೆ ಉಳಿಯುವುದು “ಅಲೆ” ಮಾತ್ರ. ಹಳೆಯ ದೂರವಾಣಿಯು ಸೆಕೆಂಡಿಗೆ 300ರಿಂದ 3400ರವರೆಗಿನ ಕಂಪನಗಳನ್ನಷ್ಟೇ ಸಾಗಿಸಿಯೂ ಮಾತನ್ನು ತಿಳಿಯುವಂತೆ ಮುಟ್ಟಿಸುತ್ತಿತ್ತು. ಮಾತಿನ ಮನೆ ಎಲ್ಲಿದೆಯೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ತೆಂಕುತಿಟ್ಟಿನ ಚೆಂಡೆಯ ಮೊನಚು ಬಂದು ಕೂರುವುದು ಅದೇ ಮನೆಯ ಜಗಲಿಯಲ್ಲಿ.

ಇನ್ನು ಪೆಟ್ಟಿಗೆಯ ವಿಚಾರ. ನಮ್ಮದು ಎಂಟು ಮೈಕುಗಳ ಸಣ್ಣ ಮಿಕ್ಸರ್. ನೋಡಿದವರು ಗುಂಡಿಗಳ ಸಂತೆಯನ್ನು ಕಂಡು ಹೆದರುತ್ತಾರೆ, ಹೆದರಬೇಕಾಗಿಲ್ಲ. ಒಂದು ಸಾಲನ್ನು ತಿಳಿದರೆ ಎಂಟನ್ನೂ ತಿಳಿದಂತೆ. ಮೇಲಿನ ತುದಿಯಲ್ಲಿರುವುದು ಗೇನ್. ಮೈಕಿನಿಂದ ಬರುವ ಸಂಕೇತವು ತೀರ ಕ್ಷೀಣ. ಅದನ್ನು ಕೆಲಸಕ್ಕೆ ಬರುವಷ್ಟು ಬೆಳೆಸುವುದು ಇದರ ಧರ್ಮ. ನಡುವೆ ಮಂದ್ರ, ಮಧ್ಯ, ತಾರ ಕಂಪನಗಳನ್ನು ಹೆಚ್ಚು ಕಡಮೆ ಮಾಡುವ ಮೂರು ಗುಂಡಿಗಳು. ಕೆಳಗೆ ಫೇಡರ್ ಎಂಬ ಜಾರುವ ಗುಂಡಿ. ತೋಟಕ್ಕೆ ನೀರು ಬಿಡುವವರಿಗೆ ಹೇಳುವುದಾದರೆ, ಗೇನ್ ಎಂಬುದು ತೋಡಿನ ಬಾಯಿಯ ಕಟ್ಟ. ಫೇಡರ್ ಎಂಬುದು ಕಂಗಿನ ಬುಡಕ್ಕೆ ಹೋಗುವ ಕಣಿ. ಕಟ್ಟದಲ್ಲಿ ನೀರು ಮಿತಿಮೀರಿ ನುಗ್ಗಿದರೆ ಕಣಿಯನ್ನು ಎಷ್ಟು ಮುಚ್ಚಿದರೂ ಬರುವುದು ಕೆಸರು ನೀರೇ. ಹಾಗೆಯೇ ಗೇನ್ ಹೆಚ್ಚಾಗಿ ಕೆಂಪು ದೀಪ ಹತ್ತಿದರೆ, ಒಡೆದ ಧ್ವನಿಯನ್ನು ಫೇಡರ್ ಸಣ್ಣದು ಮಾಡಬಲ್ಲುದೇ ಹೊರತು ಸರಿಮಾಡಲಾರದು.

ಹೂಡುವ ಕ್ರಮಕ್ಕೂ ಒಂದು ಶಿಸ್ತುಂಟು. ಎಲ್ಲ ಫೇಡರುಗಳನ್ನು ಕೆಳಗಿಳಿಸಿ, ಮೊದಲು ಮಿಕ್ಸರಿಗೆ ವಿದ್ಯುತ್ತು ಕೊಡಬೇಕು, ಆಂಪ್ಲಿಫೈಯರಿಗೆ ಕೊನೆಯಲ್ಲಿ. ಆರಿಸುವಾಗ ಆಂಪ್ಲಿಫೈಯರನ್ನೇ ಮೊದಲು ಆರಿಸಬೇಕು. ಈ ಕ್ರಮ ತಪ್ಪಿದರೆ ಪೆಟ್ಟಿಗೆಯ ಗುಂಡಿಯೊತ್ತಿದಾಗ ಹುಟ್ಟುವ ಸದ್ದು ಬೆಳೆದು, ಢಬ್ಬೆಂದು ಸ್ಪೀಕರಿನ ಎದೆಗೆ ಗುದ್ದುತ್ತದೆ. ಸ್ಪೀಕರುಗಳು ಮೈಕುಗಳಿಗಿಂತ ಮುಂದೆ, ಜನರ ಕಡೆಗೆ ಮುಖಮಾಡಿ ನಿಲ್ಲಬೇಕು. ಸ್ಪೀಕರಿನ ಮಾತನ್ನು ಮೈಕು ಕೇಳಿ ಪುನಃ ಸ್ಪೀಕರಿಗೇ ಹೇಳಿದರೆ ಹುಟ್ಟುವುದೇ ಆ ಪ್ರಸಿದ್ಧ ಕಿರುಚಾಟ. ತೆರೆದಿರುವ ಮೈಕುಗಳ ಸಂಖ್ಯೆ ಎರಡರಷ್ಟಾದಾಗಲೆಲ್ಲ ಈ ಕಿರುಚಾಟವು ಸುಮಾರು 3 ಡೆಸಿಬೆಲ್‌ನಷ್ಟು ಹತ್ತಿರವಾಗುತ್ತದೆ. ಆದ್ದರಿಂದ ಯಾರೂ ಮಾತಾಡದ ಮೈಕನ್ನು ಮುಚ್ಚಿಡುವುದು ಮೊದಲ ಪಾಠ. “ಹಲೋ ಹಲೋ, ಒಂದು ಎರಡು ಮೂರು” ಎಂಬ ಪರೀಕ್ಷೆಯಿಂದ ಹೆಚ್ಚಿನ ಪ್ರಯೋಜನವಿಲ್ಲ. ಭಾಗವತರು ಆಟದಲ್ಲಿ ಹಾಡುವ ಶ್ರುತಿಯಲ್ಲಿಯೇ ಒಂದು ನುಡಿ ಹಾಡಿದರೆ ಮಾತ್ರ ಗೇನ್ ಎಷ್ಟಿರಬೇಕೆಂದು ತಿಳಿಯುತ್ತದೆ.

ಇಷ್ಟು ಯಂತ್ರದ ಮಾತಾಯಿತು. ಇನ್ನು ಮನುಷ್ಯರ ಮಾತು. ಆಟ ಸುರುವಾಗಿ ಕಾಲು ಗಂಟೆಯೊಳಗೆ ರಂಗಸ್ಥಳದಿಂದ ಹೆಬ್ಬೆರಳುಗಳು ಏಳತೊಡಗುತ್ತವೆ. ಭಾಗವತರಿಗೆ ತಮ್ಮ ಧ್ವನಿ ಸಾಲದು, ಮದ್ದಳೆಯವರಿಗೆ ಮದ್ದಳೆ ಸಾಲದು, ಚೆಂಡೆಯವರಿಗೆ ಚೆಂಡೆ ಸಾಲದು. ಎಲ್ಲರ ಹೆಬ್ಬೆರಳೂ ಮೇಲಕ್ಕೆ. ಕೆಳಮುಖವಾದ ಹೆಬ್ಬೆರಳನ್ನು ನಾನು ಈವರೆಗೆ ಕಂಡಿಲ್ಲ. ಎಲ್ಲರನ್ನೂ ಒಂದೊಂದು ಅಂಗುಲ ಏರಿಸಿದರೆ ಸಿಕ್ಕುವುದೇನು? ಮೊದಲಿನದೇ ಗೊಂದಲ, ಇನ್ನಷ್ಟು ದೊಡ್ಡದಾಗಿ. ಕಿವಿಗೆ ಎರಡರಷ್ಟು ಜೋರೆನಿಸಬೇಕಾದರೆ ಆಂಪ್ಲಿಫೈಯರಿನ ಶಕ್ತಿಯು ಸುಮಾರು ಹತ್ತರಷ್ಟಾಗಬೇಕು. 100 ವಾಟಿನಲ್ಲಿ ಆಗದ ಕೆಲಸಕ್ಕೆ 1000 ವಾಟು. ಈ ಓಟದಲ್ಲಿ ಗೆಲ್ಲುವವರು ಅಂಗಡಿಯವರು ಮಾತ್ರ. ಒಬ್ಬನ ಮಾತು ಮೇಲೆ ಬರಬೇಕಾದರೆ ಉಳಿದವರು ಕೆಳಗಿಳಿಯಬೇಕೆಂಬುದೇ ಈ ಪೆಟ್ಟಿಗೆಯ ವಿದ್ಯೆ. ಏರಿಸಲು ಯಂತ್ರ ಬೇಕು. ತಗ್ಗಿಸಲು ಕಿವಿ ಬೇಕು.

ಮೈಕಿಲ್ಲದ ಕಾಲದಲ್ಲಿ ಈ ಹದವನ್ನು ಕಲಾವಿದರೇ ಕಾಯುತ್ತಿದ್ದರು. ಏರು ಶ್ರುತಿಯ ಕಂಠವೆಂಬುದು ಭಾಗವತಿಕೆಯ ಬಂಡವಾಳವಾಗಿತ್ತು. ಮೂಡುಬಿದಿರೆ ಬಳಿಯ ಮಾರೂರಿನಲ್ಲಿ ನೆಲೆಸಿದ್ದ ಬಲಿಪ ನಾರಾಯಣ ಭಾಗವತರು (1938–2023) ಆ ಪರಂಪರೆಯ ಕಂಠವನ್ನು ನಮ್ಮ ಕಾಲದವರೆಗೂ ತಂದುಕೊಟ್ಟರು. ಅಂಥ ಕಂಠಕ್ಕೆ ಚೆಂಡೆಯವರು ದಾರಿಬಿಟ್ಟು ನುಡಿಸಬೇಕಿತ್ತು. ಅರ್ಥ ಹೇಳುವಾಗ ಹಿಮ್ಮೇಳವು ತಾನಾಗಿ ಮೌನವಾಗುತ್ತಿತ್ತು. ಹಿಂದೆ ರಂಗಸ್ಥಳದಲ್ಲಿದ್ದ ಆ ವಿವೇಕದ ಒಂದು ಪಾಲು ಈಗ ಮಿಕ್ಸರಿನವನ ಬೆರಳ ತುದಿಗೆ ಬಂದಿದೆ. ಪ್ರಸಂಗವನ್ನರಿಯದವನು ಅದನ್ನು ನಿಭಾಯಿಸಲಾರನು. ದೇವೀಮಹಾತ್ಮೆಯಲ್ಲಿ ಮಹಿಷಾಸುರನ ಆರ್ಭಟ ಯಾವಾಗ ಬರುತ್ತದೆಂದು ತಿಳಿದವನ ಬೆರಳು ಒಂದು ಕ್ಷಣ ಮೊದಲೇ ಫೇಡರಿನ ಮೇಲಿರುತ್ತದೆ.

ಕಳೆದ ವರ್ಷ ನಮ್ಮ ನೆರೆಯಲ್ಲಿ ಒಂದು ಹರಕೆಯ ಆಟವಾಯಿತು, ಪ್ರಸಂಗ ಕೃಷ್ಣಸಂಧಾನ. ಮಾತೇ ಮುಖ್ಯವಾದ ಕಥೆ. ನಾನು ಅಣ್ಣನನ್ನು ಕಾಡಿ ಮೂರು ಕೆಲಸಗಳಿಗೆ ಒಪ್ಪಿಸಿದೆ. ಮೊದಲನೆಯದಾಗಿ, ಪೆಟ್ಟಿಗೆಯನ್ನು ರಂಗಸ್ಥಳದ ಮಗ್ಗುಲಿನಿಂದ ಎತ್ತಿ, ಉದ್ದದ ಕೇಬಲು ಎಳೆದು, ಜನರ ನಡುವೆ ತಂದಿಟ್ಟೆವು. ಊಟ ಬಡಿಸುವವನು ಒಮ್ಮೆ ಪಂಕ್ತಿಯಲ್ಲಿ ಕುಳಿತು ನೋಡಬೇಡವೇ? ಎರಡನೆಯದಾಗಿ, ಭಾಗವತರ ಮೈಕನ್ನು ಅವರ ಬಾಯಿಗೆ ಇದ್ದುದರ ಅರ್ಧದಷ್ಟು ದೂರಕ್ಕೆ ತಂದು, ಅದರ ಬೆನ್ನು ಚೆಂಡೆಯ ಕಡೆಗಿರುವಂತೆ ನಿಲ್ಲಿಸಿದೆವು. ದೂರ ಅರ್ಧವಾದರೆ ಕಂಠವು 6 ಡೆಸಿಬೆಲ್‌ನಷ್ಟು ಹೆಚ್ಚುತ್ತದೆ, ಚೆಂಡೆ ಇದ್ದಲ್ಲೇ ಇರುತ್ತದೆ. ಒಂದು ಕಾಸಿನ ಖರ್ಚಿಲ್ಲ. ಮೂರನೆಯದಾಗಿ, ಚೆಂಡೆಯ ಮೈಕು ಮರ್ಯಾದೆಗೆ ಅದರ ಜಾಗದಲ್ಲೇ ಇರಲೆಂದು ಬಿಟ್ಟು, ಫೇಡರನ್ನು ಮಾತ್ರ ಬಹುಮಟ್ಟಿಗೆ ಕೆಳಗಿಳಿಸಿದೆವು. ಕೇಳಿ ಬಡಿದರೆ ಮೈಕಿಲ್ಲದೆ ಊರಿಗೆಲ್ಲ ಆಟದ ಸುದ್ದಿ ಮುಟ್ಟಿಸುವ ವಾದ್ಯಕ್ಕೆ ನಮ್ಮ ಉಪಕಾರವೇಕೆ?

ಅಜ್ಜನನ್ನು ಒತ್ತಾಯಮಾಡಿ ಕರೆದುಕೊಂಡು ಹೋಗಿ ಪೆಟ್ಟಿಗೆಯ ಪಕ್ಕದಲ್ಲೇ ಕುಳ್ಳಿರಿಸಿದ್ದೆ. ಅವರು ಮಂಗಲದವರೆಗೂ ಏಳಲಿಲ್ಲ. ಮನೆಗೆ ಮರಳುವ ದಾರಿಯುದ್ದಕ್ಕೂ, ಕೌರವನು ಆಡಿದ ಒಂದು ವಾದಕ್ಕೆ ಕೃಷ್ಣನು ಸರಿಯಾದ ಉತ್ತರ ಕೊಡಲಿಲ್ಲವೆಂದೂ ತಾನಾಗಿದ್ದರೆ ಹೀಗೆ ಹೇಳುತ್ತಿದ್ದೆನೆಂದೂ ಜಗಳವಾಡಿಕೊಂಡೇ ಬಂದರು. ಮಾತು ಕೇಳಿಸದವನು ಮಾತಿಗೆ ಎದುರು ಹೇಳಬಲ್ಲನೇ? ನನಗೆ ಬೇರೆ ಪ್ರಮಾಣಪತ್ರ ಬೇಕಾಗಲಿಲ್ಲ.

ಇದು ಅಜ್ಜನೊಬ್ಬರ ಸುಖದ ಪ್ರಶ್ನೆಯೂ ಅಲ್ಲ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಕೂಡದು. ಉತ್ಸವಗಳಿಗಾಗಿ ಸರಕಾರವು ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿಯವರೆಗೆ ಸಡಿಲಿಕೆ ಕೊಡಬಹುದು. ವಾಸದ ವಠಾರಗಳಿಗೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ಆಟಗಳು ಕಾಲಮಿತಿಗೆ ಬಂದುದರಲ್ಲಿ ಈ ನಿಯಮದ ಪಾಲೂ ಉಂಟು. ಕಲೆಗೆ ಇದು ಕಂಟಕವೆಂದು ಕೆಲವರು ಸಿಟ್ಟಾಗುತ್ತಾರೆ. ಆದರೆ ಬಯಲಿನಾಚೆಯ ಮನೆಯಲ್ಲಿ ಎಳೆಗೂಸೂ ರೋಗಿಯೂ ಮರುದಿನದ ಪರೀಕ್ಷೆಗೆ ಓದುವ ನಮ್ಮ ಸಹಪಾಠಿಯೂ ಇರುವುದುಂಟು. ಆಟ ನೋಡಲು ಬಂದವನಿಗೆ ಮಾತು ಮುಟ್ಟಬೇಕು, ಬಾರದವನಿಗೆ ನಿದ್ರೆ ಉಳಿಯಬೇಕು. ಇವೆರಡೂ ಕೂಡಿಬರುವುದು ಹದ ತಿಳಿದು ತಗ್ಗಿಸಿದಾಗ.

ಕಡೆಯದಾಗಿ ನಮ್ಮ ಕಾಲೇಜಿನವರಲ್ಲಿ ಒಂದೆರಡು ಅರಿಕೆ. ವೇದಿಕೆಗೆ ಬಂದವರು ದಯವಿಟ್ಟು ಮೈಕಿನ ತಲೆಯನ್ನು ಮೊಟಕಬಾರದು. ಪೂಜ್ಯ ಉಪನ್ಯಾಸಕರು ಮೈಕನ್ನು ಹೊಟ್ಟೆಯ ಮಟ್ಟದಲ್ಲಿ ಹಿಡಿದು ಮಾತಾಡಿದರೆ, ಅವರ ಪಾಂಡಿತ್ಯವನ್ನು ಹೊರತರಲು ಯಾವ ಗುಂಡಿಯಿಂದಲೂ ಆಗುವುದಿಲ್ಲ. ಬಾಯಿಗೆ ನಾಲ್ಕು ಬೆರಳಷ್ಟು ದೂರವಿದ್ದರೆ ಸಾಕು. ಹಿಂದಿನ ಸಾಲಿನಲ್ಲಿ ಕುಳಿತು “ಸೌಂಡ್! ಸೌಂಡ್!” ಎಂದು ಕೂಗುವ ಗೆಳೆಯರು ಈ ಸಲದ ವಾರ್ಷಿಕೋತ್ಸವದಲ್ಲಿ ಒಂದು ಗಳಿಗೆ ಬಂದು ನನ್ನ ಪಕ್ಕದಲ್ಲಿ ಕುಳಿತುಕೊಳ್ಳಲಿ. ಒಂದು ಫೇಡರನ್ನು ಅವರ ಕೈಗೇ ಕೊಡುತ್ತೇನೆ.